ದಣಿವಿನ ಪಾಠಕ್ಕೆ ಅಕ್ಕಾರ ಹಾಜರಿ

ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದರ ಹೊಸ ಡಾಕ್ಟರುಗಳಿಗೆ ದಣಿವಾರಿಸಿಕೊಳ್ಳುವುದನ್ನು ಕಲಿಸಿದವರು ನನ್ನ ಗಂಡನ ಅಕ್ಕ. ಅವರು ಓದಿದ್ದು ಟಿ.ಸಿ.ಎಚ್. ಸೂಜಿ ಕಂಡರೆ ಇವತ್ತಿಗೂ ಕಣ್ಣು ಮುಚ್ಚುತ್ತಾರೆ. ನಂಬುವುದಿಲ್ಲವೇ? ಬೇಡ, ಮೊದಲು ಪೂರ್ತಿ ಕೇಳಿ.

ಸುದ್ದಿ ಬಂದಾಗ ನಾನು ದೇವರ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದೆ. ಮಗಳ ಫೋನು. ಎಂ.ಬಿ.ಬಿ.ಎಸ್. ಮುಗಿಸಿ, ಮುಂದಿನ ಓದಿಗೆಂದು ಆ ಆಸ್ಪತ್ರೆ ಸೇರಿ ಮೂರು ತಿಂಗಳಾಗಿತ್ತು. ಅಲ್ಲಿಂದ ಅದೇ ಊರಿನ ಶಹಾಪುರದ ನಮ್ಮ ಮನೆಗೆ ರಿಕ್ಷಾದಲ್ಲಿ ಇಪ್ಪತ್ತು ನಿಮಿಷ. ಆದರೂ ಅವಳು ಬಂದದ್ದು ಎರಡೇ ಸಲ, ಎರಡು ಸಲವೂ ಚಪ್ಪಲಿ ಬಿಚ್ಚುವ ಮುಂಚೆಯೇ ಸೋಫಾದ ಮೇಲೆ ನಿದ್ದೆ!

"ಅವ್ವಾ, ನಾ ಇದನ್ನ ಬಿಟ್ಟು ಬರ್ತೀನಿ" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಗೊಂಬೆಗೆ ಜ್ವರ ನೋಡುತ್ತಿದ್ದ ಹುಡುಗಿ. ಫೋನಿಟ್ಟು ದೇವರಿಗೆ ಹೇಳಿಕೊಂಡೆ: ಇವಳು ಅಲ್ಲಿ ನೆಲೆ ನಿಲ್ಲುವ ತನಕ ನನಗೆ ಮಧ್ಯಾಹ್ನದ ಊಟ ಬೇಡ. ಇದು ನನಗೂ ಅವನಿಗೂ ಮಾತ್ರ ಗೊತ್ತಿದ್ದ ಮಾತು.

ಇದರ ಮೇಲೆ ಇನ್ನೊಂದು. ಹೊಸ ಡಾಕ್ಟರುಗಳು ಬಹಳ ದಣಿಯುತ್ತಾರೆಂದು ಆಸ್ಪತ್ರೆಯವರು ಮೊಬೈಲಿನಲ್ಲಿ ನೋಡುವ ತರಬೇತಿ ಇಟ್ಟಿದ್ದರು. ಎಂಟು ಪಾಠ, ಕಡ್ಡಾಯ. ನೋಡುವುದು ಯಾವಾಗ? ಡ್ಯೂಟಿ ಮುಗಿದ ಮೇಲೆ! ದಣಿವು ಹೋಗಲೆಂದು ಇನ್ನೂ ಒಂದು ತಾಸು ದಣಿಯುವ ಭಾಗ್ಯ.

ಅವತ್ತು ಅಕ್ಕಾರು ಖಾನಾಪುರದಿಂದ ಬಂದು ನಮ್ಮ ಪಡಸಾಲೆಯಲ್ಲಿ ಕೂತಿದ್ದದ್ದು ದೇವರು ಮಾಡಿದ ಒಂದು ಸಣ್ಣ ಉಪಕಾರ. ಅವರಿಗೆ ಮೊಬೈಲು ನಡೆಸಲು ಬರುತ್ತಿದ್ದದ್ದು ಎರಡನೆಯದು. ಮಗಳು ಮತ್ತೆ ಫೋನು ಮಾಡಿ, ತನ್ನ ಬದಲು ಪಾಠ ನೋಡಲೆಂದು ಅವರಿಗೆ ಪಾಸ್‌ವರ್ಡ್ ಕೊಟ್ಟು, "ಅತ್ಯಾ, ವಿಡಿಯೋ ನಿಂತಾಗೊಮ್ಮೆ ಬಟನ್ ಒತ್ತಿಬಿಡು ಸಾಕು. ನೀ ಏನೂ ಕೇಳಬ್ಯಾಡ" ಎಂದಳು.

ಪಾಠ ನಡೆಯುವಾಗ ಕೇಳಬೇಡ ಎನ್ನುವುದೇ? ಅದೂ ಮೂವತ್ತಾರು ವರ್ಷ ಕನ್ನಡ ಸಾಲೆಯಲ್ಲಿ ಕಲಿಸಿದವರಿಗೆ? ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಕಥೆ ಮುಗಿದ ಮೇಲೆ ಪ್ರಶ್ನೆ ಕೇಳಿ, ಉತ್ತರ ಬಾರದವರಿಗೆ ಕೊನೆಗೆ ಪ್ರಸಾದ ಕೊಡಿಸಿದ ಹೆಂಗಸು ಅವರು. ಆ ಸಾಲಿನಲ್ಲಿ ಕೊನೆಗೆ ನಿಂತವರು ನನ್ನ ಯಜಮಾನರು.

ಅಕ್ಕಾರು ಕನ್ನಡಕ ಏರಿಸಿ, ಇನ್ನೂರು ಪುಟದ ನೋಟ್‌ಬುಕ್ ತೆರೆದು ಕೂತರು. ವಿಡಿಯೋದ ತರುಣ ಮೆತ್ತಗೆ, ಉಸಿರು ಒಳಗೆ ಎಳೆದುಕೊಳ್ಳಿ ಎಂದ. ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲ, ಜೋರಾಗಿ ಹೇಳು ಎಂದು ಇವರು ಗದರಿಸಿದರು. ಅವನು ಕೇಳಲಿಲ್ಲ. ಮುಂದೆ ಅವನು, ನಾಲ್ಕು ಎಣಿಸುವ ತನಕ ಉಸಿರು ಹಿಡಿಯಿರಿ ಎಂದಾಗ ಇವರು ಎರಡರ ಮಗ್ಗಿ ಪೂರ್ತಿ ಮನಸ್ಸಿನಲ್ಲೇ ಹೇಳಿಕೊಂಡು, ಮುಖ ಕೆಂಪಗಾಗಿ, ನಾನು ನೀರು ತಂದುಕೊಡಬೇಕಾಯಿತು.

ಮೊದಲ ಪಾಠದ ಕೊನೆಯಲ್ಲಿ ಪ್ರಶ್ನೆಗಳು ಬಂದವು. ನೀವು ಇಂದು ಊಟ ಮಾಡಿದಿರಾ? ನೀರು ಕುಡಿದಿರಾ? ಕೆಲಸ ಬಿಟ್ಟುಬಿಡಬೇಕು ಎನಿಸಿತೇ? ನಾನು, ಊಟ ನೀರು ಎಲ್ಲಾ ಆಗಿದೆ, ಕೊನೆಯದಕ್ಕೆ ಇಲ್ಲ ಎಂದು ಒತ್ತಿಬಿಡಿ ಎಂದೆ. ಅಕ್ಕಾರು ಬೆರಳು ಹಿಂದೆ ತೆಗೆದುಕೊಂಡರು.

"ಆಕಿ ಉಂಡದ್ದು ನನಗೇನು ಗೊತ್ತು? ಸುಳ್ಳ ಹಾಜರಿ ನಾ ಜನ್ಮದಾಗ ಹಾಕಿಲ್ಲ."

ಅವತ್ತು ಸಂಜೆ ಊರಿಗೆ ಹೋದವರು, ಮರುದಿನ ಖಾನಾಪುರದ ಬಸ್ಸು ಇಳಿದವರೇ ನೋಟ್‌ಬುಕ್ ಹಿಡಿದು ನೇರ ಆಸ್ಪತ್ರೆಗೆ! ಗೇಟಿನ ವಾಚ್‌ಮನ್, ಯಾವ ಪೇಶೆಂಟ್ ನೋಡಬೇಕು ಎಂದು ಕೇಳಿದನಂತೆ. ಪೇಶೆಂಟ್ ಅಲ್ಲ, ಡಾಕ್ಟರರ ಹಾಜರಿ ತೆಗೆದುಕೊಳ್ಳಬೇಕು ಎಂದರಂತೆ ಇವರು. ಆ ದನಿ ಕೇಳಿದರೆ ಯಾರಾದರೂ ಎದ್ದು ನಿಲ್ಲಬೇಕು, ಅವನೂ ನಿಂತ. ಹೋಗುವ ಮುಂಚೆ ಅವನ ನಾಷ್ಟಾ ಆಯಿತೋ ಇಲ್ಲವೋ ಎಂಬುದೂ ನೋಟ್‌ಬುಕ್ಕಿಗೆ ಏರಿತು.

ಮೂರು ದಿನದಲ್ಲಿ ಕ್ಯಾಂಟೀನಿನ ಬಾಜು ಒಂದು ಬೆಂಚು ಅಕ್ಕಾರ ಕ್ಲಾಸಾಯಿತು. ಮಗಳ ಜೊತೆಯ ಡಾಕ್ಟರುಗಳೂ ಬಂದು ನಿಲ್ಲತೊಡಗಿದರು. ಮೂಳೆ ಜೋಡಿಸುವ ಆರಡಿ ಡಾಕ್ಟರೊಬ್ಬ, ಮುಂಜಾನೆಯಿಂದ ನೀರು ಕುಡಿದಿಲ್ಲ ಎಂದಾಗ, ತಮ್ಮ ಬಾಟಲಿ ಕೊಟ್ಟು, ಎದುರಿಗೇ ನಿಲ್ಲಿಸಿ ಖಾಲಿ ಮಾಡಿಸಿದರಂತೆ. ಅವನ ಹಿಂದೆ ಬಂದ ದೊಡ್ಡ ಡಾಕ್ಟರರು ಏನು ನಡೆದಿದೆ ಇಲ್ಲಿ ಎಂದು ಕೇಳಲು ಬಾಯಿ ತೆರೆದವರು, ತಮ್ಮ ಸರದಿ ಬಂದೀತೆಂದು ಹಾಗೇ ಮುಂದೆ ಹೋದರಂತೆ.

ನನ್ನ ಮಗಳು ಮಾತ್ರ ಎರಡು ದಿನ, ಕೆಲಸ ಬಿಡಬೇಕು ಎನಿಸಿತೇ ಎಂಬ ಕೊನೆಯ ಪ್ರಶ್ನೆಗೆ ಬಾಯಿ ಬಿಡಲಿಲ್ಲ. ಅಕ್ಕಾರು ಆ ಜಾಗ ಖಾಲಿ ಬಿಟ್ಟು ಬಂದರು. ಮೂರನೆಯ ದಿನ ಅವಳು, "ಬರಕೋ ಅತ್ಯಾ. ದಿನಾ ಅನಸ್ತೈತಿ" ಎಂದಳಂತೆ. ಬೇರೆಯವರಾಗಿದ್ದರೆ ಬುದ್ಧಿ ಹೇಳುತ್ತಿದ್ದರು. ನಾನಾಗಿದ್ದರೆ ಅಲ್ಲೇ ಕೂತು ಅಳುತ್ತಿದ್ದೆ. ಅಕ್ಕಾರು ‘ದಿನಾ’ ಎಂದು ಬರೆದುಕೊಂಡು, ಎಷ್ಟು ಗಂಟೆಗೆ ಅನಿಸುತ್ತದೆ ಎಂದು ಕೇಳಿದರು. ಮುಂಜಾನೆ ವಾರ್ಡಿನ ರೌಂಡ್ಸ್ ಮುಗಿದ ಮೇಲೆ ಎಂದಳು. ಅದನ್ನೂ ಬರೆದುಕೊಂಡು ಪೆನ್ನಿಗೆ ಟೊಪ್ಪಿಗೆ ಹಾಕಿದರು.

"ಹಂಗಾರ ನಾಳೆ ಅದ ಹೊತ್ತಿಗೆ ಬರ್ತೀನಿ. ನಾ ಬರೂತನಕ ಬಿಡಬ್ಯಾಡ, ಉತ್ತರ ಅರ್ಧಾ ಉಳಿತೈತಿ."

ಇದನ್ನು ನನಗೆ ಹೇಳುವಾಗ ಮಗಳು ಫೋನಿನಲ್ಲಿ ಅತ್ತಳು. ನಾನು ದೇವರಿಗೆ ಕೈ ಮುಗಿದೆ: ಅತ್ತಳಲ್ಲ, ಅಷ್ಟು ಸಾಕು.

ಎಂಟು ಪಾಠ ಮುಗಿದವು, ಮಗಳ ಹೆಸರಿಗೆ ಸರ್ಟಿಫಿಕೇಟೂ ಬಂತು. ತರಬೇತಿ ಹೇಗಿತ್ತು ಎಂದು ಕೇಳಿದ ಜಾಗದಲ್ಲಿ ಅಕ್ಕಾರು, ಮಾಸ್ತರರು ಒಳ್ಳೆಯವರು, ಬೆನ್ನು ನೆಟ್ಟಗೆ ಮಾಡಿ ಕೂರಬೇಕು ಎಂದು ಬರೆದಿದ್ದರು. ಪಾಠ ಮುಗಿದರೂ ಅಕ್ಕಾರು ದಿನಾ ಆಸ್ಪತ್ರೆಗೆ ಬರುವ ಬಸ್ಸು ಬಿಡಲಿಲ್ಲ.

ಮೊನ್ನೆ ಮಧ್ಯಾಹ್ನ ನಾನು ದೇವರ ಕೋಣೆ ಒರೆಸುತ್ತಿದ್ದಾಗ ಆಸ್ಪತ್ರೆಯಿಂದ ಬಂದ ಅಕ್ಕಾರು ನೋಟ್‌ಬುಕ್ ನನ್ನ ಮುಂದೆ ಹಿಡಿದರು. ಮಗಳ ಸಾಲು ನೋಡಿದೆ. ದಿನಾ, ದಿನಾ, ದಿನಾ. ಆಮೇಲೆ ಒಂದು ವಾರ ‘ಆಗಾಗ’. ಕೊನೆಗೆ, ‘ಇವತ್ತು ನೆನಪಾಗಲಿಲ್ಲ.’ ಅದರ ಕೆಳಗೆ ಸ್ಕೇಲಿಟ್ಟು ಎಳೆದ ಹೊಸದೊಂದು ಗೆರೆ. ಮುಂದೆ ಮಗಳ ಅವಸರದ ಅಕ್ಷರದಲ್ಲಿ, ‘ಅವ್ವ.’

"ಗೆರಿ ನಿನ್ನ ಮಗಳ ಹೊಡದಾಳ. ಮೊದಲನೇ ಪ್ರಶ್ನೆ. ಊಟ ಆತು?"

ಹಿಂದೆ ದೀಪ ಉರಿಯುತ್ತಿತ್ತು. ಅದರ ಮುಂದೆ ಸುಳ್ಳು ಹೇಗೆ ಹೇಳುವುದು?

"ಇಲ್ರೀ ಅಕ್ಕಾರ."

"ಎಷ್ಟ ದಿನಾ ಆತು?"

"ಆಕಿ ಬಿಡ್ತೀನಿ ಅಂದ ದಿನದಿಂದ."

ಅಕ್ಕಾರು ತಲೆ ಎತ್ತಲಿಲ್ಲ. ಬರೆದುಕೊಂಡರು. ‘ಇಲ್ಲ’ ಎಂಬ ಆ ಎರಡಕ್ಷರ ಬರೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ನಾಳೆ ಮತ್ತೆ ಕೇಳುತ್ತೇನೆ ಎಂದರು.

ನಾನು ಒರೆಸುವ ಅರಿವೆ ಹಿಂಡಿಟ್ಟು, ಕೈ ತೊಳೆದುಕೊಂಡು ಅಡಿಗೆ ಮನೆಗೆ ಹೋದೆ. ಅಕ್ಕಿ ತೊಳೆಯಲು ಹಾಕಿಕೊಂಡೆ, ಮತ್ತೆ ಡಬ್ಬಿ ತೆರೆದು ನನ್ನದೊಂದು ಹಿಡಿ ಸೇರಿಸಿದೆ.