ಮೊನಚು ಕಾಲಿನ ಆಂಟೆನಾ

ಗೊತ್ತಿಲ್ಲದ ವಿಷಯವನ್ನು ಗೊತ್ತಿಲ್ಲ ಎಂದು ಹೇಳಿಬಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಶ್ಚರ್ಯ. ಅದು ನನ್ನಿಂದಾಗದ ಕೆಲಸ. ಯಾರಾದರೂ ಏನನ್ನಾದರೂ ತೋರಿಸಿ ಅದೇನು ಎಂದರೆ ಸಾಕು, ನನ್ನ ಬಾಯಿ ಉತ್ತರ ಶುರು ಮಾಡಿಬಿಟ್ಟಿರುತ್ತದೆ; ತಲೆ ಏದುಸಿರು ಬಿಡುತ್ತಾ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ. ಇದಕ್ಕೆ ನನ್ನ ವೃತ್ತಿಯೂ ಸ್ವಲ್ಪ ಕಾರಣ. ಚನ್ನಗಿರಿಯಲ್ಲಿ ನಾನು ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರಗಳನ್ನು ಬರೆದು, ಗಟ್ಟಿಯಾಗಿ ಓದಿ ಹೇಳುತ್ತೇನೆ. ಕೇಳಿಸಿಕೊಂಡವರು ತಲೆಯಾಡಿಸಿ ಸಹಿ ಮಾಡುತ್ತಾರೆ, ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ದಿನವಿಡೀ ಎದುರಿಗೆ ತಲೆಯಾಡಿಸುವವರನ್ನೇ ಕೂರಿಸಿಕೊಂಡವನಿಗೆ ತಾನು ಹೇಳಿದ್ದೆಲ್ಲ ಸರಿ ಅನ್ನಿಸಿದರೆ ಅದು ಅವನೊಬ್ಬನದೇ ತಪ್ಪಲ್ಲ. ಉಳಿದ ತಪ್ಪು ನನ್ನ ಮಾವನ ಮನೆಯದು.

ಮಾವನ ಮನೆ ಇರುವುದು ಜಗಳೂರು ತಾಲೂಕಿನ ಬಿಳಿಚೋಡಿನಲ್ಲಿ. ಅಲ್ಲಿ ಅಳಿಯನ ಮಾತಿಗೆ ಎದುರಾಡುವ ಪದ್ಧತಿಯಿಲ್ಲ. ಮದುವೆಯಾದ ಹೊಸತರಲ್ಲಿ ಇದು ನಾಲ್ಕು ದಿನದ ಮರ್ಯಾದೆ ಅಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷವಾದರೂ ಅದು ಸವೆದಿಲ್ಲ. ನಾನು ಏನು ಹೇಳಿದರೂ ಮಾವ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, 'ಹೌದೇಳ್ರಿ ಅಳಿಯಂದ್ರೆ' ಎನ್ನುತ್ತಾರೆ. ಅತ್ತೆ ಬಾಗಿಲ ಮರೆಯಿಂದಲೇ ಹೂಂಗುಟ್ಟುತ್ತಾರೆ. ಭಾಮೈದ ರುದ್ರೇಶ, ಅಂದರೆ ನನ್ನ ಹೆಂಡತಿಯ ತಮ್ಮ, ನಾನು ಮಾತು ಮುಗಿಸುವ ಮುಂಚೆಯೇ ತಲೆ ಅಲ್ಲಾಡಿಸಿರುತ್ತಾನೆ. ನಮ್ಮ ಮನೆಯಲ್ಲಾದರೋ ಇವತ್ತು ಸೋಮವಾರ ಎಂದರೂ ನನ್ನ ಹೆಂಡತಿ ಗಿರಿಜಾ ಒಮ್ಮೆ ಕ್ಯಾಲೆಂಡರ್ ನೋಡಿಯೇ ಒಪ್ಪುವುದು. ಹೀಗಾಗಿ ಬಿಳಿಚೋಡಿಗೆ ಹೋಗುವುದೆಂದರೆ ನನಗೆ ಉತ್ಸಾಹ. ಬೇರೆ ಅಳಿಯಂದಿರು ಮಾವನ ಮನೆಗೆ ಹೋಳಿಗೆಯ ಆಸೆಗೆ ಹೋಗುತ್ತಾರಂತೆ. ನಾನು ಹೋಗುತ್ತಿದ್ದದ್ದು ಆ 'ಹೌದೇಳ್ರಿ'ಗಾಗಿ.

ದಾರಿಯಲ್ಲಿ ಹೆದ್ದಾರಿಯ ಪಕ್ಕಕ್ಕೆ, ಹೊಲಗಳ ನಡುವೆ ಒಂದು ರೇಡಿಯೊ ಕೇಂದ್ರ ಸಿಗುತ್ತದೆ. ಅದರ ಆಂಟೆನಾಗಳನ್ನು ನೋಡಿದವರು ನೋಡುತ್ತಲೇ ಇರಬೇಕು, ಅಷ್ಟು ವಿಚಿತ್ರ. ಒಂದು ಕಂಬಕ್ಕೆ ಮೀನಿನ ಮುಳ್ಳಿನಂತೆ ಸರಳುಗಳು. ಎರಡು ಗಿಡ್ಡ ಕಂಬಗಳ ನಡುವೆ ಬಟ್ಟೆ ಒಣಗಿಸುವುದಕ್ಕೆ ಕಟ್ಟಿದಂಥ ತಂತಿ. ಆಕಾಶಕ್ಕೆ ಬಾಯಿ ತೆರೆದುಕೊಂಡ ದೊಡ್ಡ ಬೋಗುಣಿ. ಇವೆಲ್ಲದರ ನಡುವೆ ಕೆಂಪು ಬಿಳಿ ಬಣ್ಣದ ಮಹಾ ಎತ್ತರದ ಕಂಬ. ಅದರ ವಿಶೇಷ ಇರುವುದು ಬುಡದಲ್ಲಿ. ಲೋಕದ ಕಂಬಗಳೆಲ್ಲ ಕೆಳಗೆ ದಪ್ಪವಿದ್ದು ಮೇಲೆ ಸಣ್ಣಗಾದರೆ, ಇದು ಕೆಳಗೆ ಬರುತ್ತಾ ಸಣ್ಣಗಾಗಿ, ಕೊನೆಗೆ ಮೊನಚಾಗಿ, ಒಂದು ಪಿಂಗಾಣಿ ಗಡಿಗೆಯಂಥದ್ದರ ಮೇಲೆ ಕಾಲೂರಿದೆ. ಸುತ್ತ ಉಕ್ಕಿನ ಹಗ್ಗಗಳು. ಹಗ್ಗಕ್ಕೆ ಅಲ್ಲಲ್ಲಿ ಪಿಂಗಾಣಿ ಗುಂಡುಗಳು. ಇದನ್ನೆಲ್ಲ ನಾನು ಪ್ರತಿ ಸಲವೂ ಗಾಡಿ ನಿಧಾನ ಮಾಡಿ ವಿವರಿಸುತ್ತಿದ್ದೆ. ಮೀನಿನ ಮುಳ್ಳು ಪರದೇಶದ ಸುದ್ದಿ ಹಿಡಿಯುವುದಕ್ಕೆ. ಗುಂಡುಗಳು ಅಳಿಲು ಹತ್ತದಿರಲಿ ಎಂದು. ನಾವು ತೆಂಗಿನ ಮರಕ್ಕೆ ತಗಡು ಸುತ್ತುವುದಿಲ್ಲವೇ, ಹಾಗೆ. ಕೆಂಪು ಬಿಳಿ ಬಣ್ಣ ದೃಷ್ಟಿಯಾಗದಿರಲಿ ಎಂದು. ದೊಡ್ಡ ಕಂಬವನ್ನು ಗುತ್ತಿಗೆದಾರ ತಲೆಕೆಳಗಾಗಿ ನಿಲ್ಲಿಸಿದ್ದಾನೆ, ಕೇಳುವವರು ದಿಕ್ಕಿಲ್ಲ. ಗಾಡಿಯಲ್ಲಿ ಬಿಳಿಚೋಡಿನವರಿದ್ದರೆ ಗಿರಿಜಾ ಪಕ್ಕದ ಸೀಟಿನಿಂದ ನನ್ನ ತೊಡೆ ಚಿವುಟುತ್ತಿದ್ದಳು. ಗಾಡಿ ಜೋರಾಗಿ ಓಡಿಸಿ ಎಂಬ ಸೂಚನೆ ಎಂದು ನಾನು ತಿಳಿದಿದ್ದೆ.

ಈಚೆಗೆ ನ್ಯಾಮತಿಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು, ನಮ್ಮ ಹಳೆಯ ಏಳು ಸೀಟಿನ ಗಾಡಿಯಲ್ಲಿ ಬಿಳಿಚೋಡಿನವರನ್ನೆಲ್ಲ ಕೂರಿಸಿಕೊಂಡು ಹೊರಟೆ. ಹೊನ್ನಾಳಿ ದಾಟುವವರೆಗೆ ಎಲ್ಲರೂ ಮದುವೆ ಊಟದ ನಿದ್ದೆಯಲ್ಲಿದ್ದರು. ಹೆದ್ದಾರಿಗೆ ಬಂದಾಗ ರುದ್ರೇಶನ ಮಗಳು, ಒಂದನೇ ಕ್ಲಾಸಿನ ಸಿಂಚನ, ಕಿಟಕಿಗೆ ಮೂಗು ಒತ್ತಿಕೊಂಡು, ಆ ಕಂಬ ಯಾಕೆ ಹಾಗಿದೆ ಎಂದು ಕೇಳಿದಳು. ಹೊಸ ಕೇಳುಗರು ಸಿಕ್ಕ ಖುಷಿಯಲ್ಲಿ ನಾನು ಸ್ವಲ್ಪ ಮುಂದೆ ಹೋದೆ. ಬುಡವೇ ಇಲ್ಲದ ಕಂಬ ಎಷ್ಟು ದಿನ ನಿಂತೀತು, ಒಂದು ದೊಡ್ಡ ಗಾಳಿ ಬಂದರೆ ಸಾಕು, ಕೆಳಗಿರುವ ಕಟ್ಟಡದ ಮೇಲೆಯೇ ಬೀಳುವುದು ಎಂದೆ. ಹುಡುಗಿ ಅಪ್ಪನ ಕಡೆ ತಿರುಗಿ ನಿಜವೇ ಎಂದು ಕೇಳಿದಳು. ರುದ್ರೇಶ ಕನ್ನಡಿಯಲ್ಲಿ ನನ್ನ ಮುಖ ನೋಡಿ, ಹೌದು, ನಿನ್ನ ಮಾವ ಹೇಳಿದ ಮೇಲೆ ಮುಗಿಯಿತು ಎಂದ. ನನಗೆ ಬಹಳ ತೃಪ್ತಿಯಾಯಿತು.

ಹದಿನೈದು ದಿನದ ಮೇಲೆ ಗಿರಿಜಾ ಫೋನಿನಲ್ಲಿ ತವರಿನವರೊಂದಿಗೆ ಮಾತಾಡಿ ಬಂದು ನನ್ನ ಮುಂದೆ ನಿಂತಳು. ಸಿಂಚನ ದಿನಾ ಬೆಳಿಗ್ಗೆ ಅಪ್ಪನ ಬೈಕಿನ ಕೀ ಬಚ್ಚಿಡುತ್ತಿದ್ದಾಳೆ. ಕೀ ಸಿಕ್ಕಿಬಿಟ್ಟರೆ ಅವನ ಕಾಲು ಹಿಡಿದುಕೊಂಡು ಅಳುತ್ತಾಳೆ. ಕೆಲಸಕ್ಕೆ ಹೋದರೆ ಅಪ್ಪನ ಮೇಲೆ ಕಂಬ ಬೀಳುತ್ತದೆ ಎನ್ನುತ್ತಾಳೆ. ಯಾವ ಕಂಬ ಎಂದೆ. ಹೆಂಡತಿ ನನ್ನನ್ನು ಒಂದು ಕ್ಷಣ ನೋಡಿ ಹೇಳಿದಳು, 'ರುದ್ರೇಶ ಆ ರೇಡಿಯೊ ಕೇಂದ್ರದಾಗೇ ಕೆಲಸ ಮಾಡೋದು ಕಣ್ರೀ. ಎಂಟು ವರ್ಷ ಆತು. ಆ ಕಂಬ ನೋಡ್ಕಳೋದೇ ಅವನ ಕೆಲಸ.'

ಅವನು 'ಕರೆಂಟಿನ ಕೆಲಸ'ದಲ್ಲಿದ್ದಾನೆ ಎಂದು ಯಾರೋ ಹೇಳಿದ್ದರು. ವಿದ್ಯುತ್ ಇಲಾಖೆ ಎಂದು ನಾನೇ ತೀರ್ಮಾನಿಸಿದ್ದೆ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಅವನಿಗೇ ಫೋನ್ ಮಾಡಿ ಗದರಿದ್ದೆ. ಅವನು ಆಯ್ತು ಭಾವ ಎಂದಿದ್ದ. ಅಷ್ಟು ವರ್ಷದಲ್ಲಿ ನಿನ್ನ ಕೆಲಸ ಏನಪ್ಪಾ ಎಂದು ಒಂದು ಮಾತು ಕೇಳಿರಲಿಲ್ಲ. ನಾನು ಹೇಳುವವನು, ಕೇಳುವವನಲ್ಲ. ಮೊದಲು ನಾಚಿಕೆಯಾಯಿತು. ಆಮೇಲೆ ಅನುಮಾನ ಹಿಂದಕ್ಕೆ ಹರಡತೊಡಗಿತು. ಮಾವನಿಗೆ ಕೊಟ್ಟಿಗೆಯ ಬಾಗಿಲು ಮೂಡಲಿಗೆ ತಿರುಗಿಸಿ ಎಂದಿದ್ದೆ, ಅವರು ಹೌದೇಳ್ರಿ ಎಂದಿದ್ದರು, ಬಾಗಿಲು ಇವತ್ತಿಗೂ ಪಡುವಲಿಗಿದೆ. ಹೊಲಕ್ಕೆ ಶೇಂಗಾ ಬೇಡ ಎಂದಿದ್ದೆ, ಹೌದೇಳ್ರಿ ಎಂದು ಶೇಂಗಾ ಬಿತ್ತಿದ್ದರು. ನನ್ನ ಹಾಡು ಚೆನ್ನಾಗಿದೆ ಎಂದಿದ್ದರು. ಅದನ್ನು ನೆನೆಯುವುದು ಬೇಡ. ಆ ಮನೆಯಲ್ಲಿ ನನ್ನ ಮಾತನ್ನು ನಿಜವಾಗಿ ನಂಬಿದ ಒಂದೇ ಜೀವ ಆ ಪುಟ್ಟ ಹುಡುಗಿ. ನಂಬಿದ ತಪ್ಪಿಗೆ ಅವಳು ಹದಿನೈದು ದಿನದಿಂದ ಅಳುತ್ತಿದ್ದಳು.

ಭಾನುವಾರ ಗಿರಿಜಾಳನ್ನು ಕರೆದುಕೊಂಡು ಬಿಳಿಚೋಡಿಗೆ ಹೋದೆ. ಸಿಂಚನಳನ್ನು ಜಗಲಿಯಲ್ಲಿ ಕೂರಿಸಿಕೊಂಡು, ನಾನು ಅವತ್ತು ಹೇಳಿದ್ದು ತಪ್ಪು, ಆ ಕಂಬ ಬೀಳುವುದಿಲ್ಲ ಎಂದೆ. ಅವಳು ಒಪ್ಪಲಿಲ್ಲ.

'ಅಪ್ಪಾಜಿನೂ ಹೌದು ಅಂದ್ರು,' ಎಂದಳು. 'ಅಪ್ಪಾಜಿ ಅಲ್ಲೇ ಇರ್ತಾರೆ. ಅವ್ರಿಗೆ ಗೊತ್ತಿರಾಂಗಿಲ್ಲೇನು?'

ನಾನು ಎಷ್ಟು ಪತ್ರ ಬರೆದಿದ್ದರೂ ಇಷ್ಟು ಬಿಗಿಯಾದ ವಾಕ್ಯ ಬರೆದಿಲ್ಲ. ಈಗ ಇರುವುದು ಒಂದೇ ದಾರಿ. ನಾನು ಹೇಳಿದ್ದು ತಪ್ಪು ಎಂದು ರುದ್ರೇಶ ನನ್ನ ಎದುರಿಗೆ, ಮಗಳ ಎದುರಿಗೆ ಬಾಯಿಬಿಟ್ಟು ಹೇಳಬೇಕು. ಅವನನ್ನು ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ ಕೇಳಿಕೊಂಡೆ. ಅವನು ಕಾಲಿನ ಹೆಬ್ಬೆರಳಿಂದ ಮಣ್ಣು ಕೆದಕುತ್ತಾ, ಹಿರಿಯರಿಗೆ ಹಾಗೆಲ್ಲ ಅನ್ನುವುದು ಚೆನ್ನಾಗಿರುವುದಿಲ್ಲ, ಅದಕ್ಕೇ ಮಗಳಿಗೂ ಹೇಳಿಲ್ಲ ಎಂದ. ನಾನು ಬೇಡಿಕೊಂಡೆ. ಮಾವನೂ ಬಂದು ಅಳಿಯಂದಿರಿಗೆ ಬೇಜಾರಾಗುತ್ತದೆ ಎಂದರು. ಕೊನೆಗೆ ಎಲ್ಲರೂ ಗಾಡಿ ಹತ್ತಿ ಹೆದ್ದಾರಿಗೆ ಹೋದೆವು.

ರೇಡಿಯೊ ಕೇಂದ್ರದ ಬೇಲಿಯ ಹೊರಗೆ ನಿಂತೆವು. ರುದ್ರೇಶ ಗಂಟಲು ಸರಿಮಾಡಿಕೊಂಡ. 'ಭಾವ ಹೇಳಿದ್ದು ಒಂದು ಲೆಕ್ಕದಾಗೆ ಸರಿನೇ,' ಎಂದು ಶುರುಮಾಡಿದ. ಮಗಳ ಮುಖ ಸಣ್ಣದಾಯಿತು. ನಾನು ಅವನ ಕೈ ಹಿಡಿದು, ಮಗಳ ಮುಖ ನೋಡಿ ಹೇಳು ಮಾರಾಯ ಎಂದೆ. ಅವನು ನೋಡಿದ.

'ಇಲ್ಲ ಪುಟ್ಟಿ. ನಿನ್ನ ಮಾವ ಹೇಳಿದ್ದು ತಪ್ಪು,' ಎಂದ. 'ಕಂಬದ ಮ್ಯಾಲೆ ಆಂಟೆನಾ ಇಟ್ಟಿಲ್ಲ, ಇಡೀ ಕಂಬನೇ ಆಂಟೆನಾ. ಅದ್ರಾಗಿನ ಕರೆಂಟು ನೆಲಕ್ಕೆ ಇಳೀಬಾರದು ಅಂತ ಕೆಳಗೆ ಪಿಂಗಾಣಿ ಐತೆ. ಅದನ್ನ ನೆಟ್ಟಗೆ ಹಿಡಿದಿರೋದು ಸುತ್ತ ಇರೋ ಹಗ್ಗ. ಗಾಳಿ ಬಂದ್ರೆ ತುಸು ಬಾಗತೈತೆ, ಬಾಗಾಕೆ ಅಂತ್ಲೇ ಹಂಗೆ ಮಾಡ್ಯಾರೆ. ಆ ಹಗ್ಗ ನಾನೇ ನೋಡ್ತೀನಿ. ಬೀಳಾಕೆ ಬಿಡ್ತೀನಾ?'

ಸಿಂಚನ ಕಂಬವನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ಲಂಗದ ಜೇಬಿಗೆ ಕೈಹಾಕಿ ಬೈಕಿನ ಕೀ ತೆಗೆದು ಅಪ್ಪನ ಕೈಗೆ ಕೊಟ್ಟಳು. ರುದ್ರೇಶ ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಆ ಕಡೆ ತಿರುಗಿ ನಿಂತ. ನನಗೂ ಕಣ್ಣು ಒರೆಸಿಕೊಳ್ಳಬೇಕಾಯಿತು.

ಇಲ್ಲಿಗೆ ಮುಗಿಯುತ್ತದೆ ಎಂದುಕೊಂಡೆ. ಆದರೆ ರುದ್ರೇಶನ ಬಾಯಿಗೆ ಆ ಪದ ರುಚಿ ಹತ್ತಿಬಿಟ್ಟಿತ್ತು. ಗಾಡಿ ಹತ್ತುವಾಗ ಮೀನಿನ ಮುಳ್ಳು ತೋರಿಸಿ, ಅದೂ ತಪ್ಪು ಭಾವ ಎಂದ. ಗುಂಡುಗಳಿಗೂ ಅಳಿಲಿಗೂ ಸಂಬಂಧವಿಲ್ಲ, ಅವು ಕರೆಂಟು ತಡೆಯುವುದಕ್ಕೆ ಎಂದ. ಕೆಂಪು ಬಿಳಿ ಬಣ್ಣ ವಿಮಾನದವರಿಗೆ ಕಾಣಲಿ ಎಂದು, ನೀವು ಹೇಳುವಂತೆ ದೃಷ್ಟಿಗಲ್ಲ ಎಂದ. ಅವನಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅರ್ಧ ದಾರಿಗೆ ಮಾವನೂ ಸೇರಿಕೊಂಡರು. ಕೊಟ್ಟಿಗೆಯ ಬಾಗಿಲು ಮೂಡಲಿಗಿಟ್ಟರೆ ಹಿಂಗಾರು ಮಳೆ ನೇರ ಒಳಗೆ ಹೊಡೆಯುತ್ತದೆ ಅಳಿಯಂದ್ರೆ ಎಂದರು, ಅತ್ಯಂತ ಮರ್ಯಾದೆಯಿಂದ. ಗಿರಿಜಾ ಇಡೀ ದಾರಿ ಒಂದೊಂದು ತಪ್ಪಿಗೂ ತಲೆಯಾಡಿಸುತ್ತಾ ಕೂತಳು. ಅವಳಿಗೆ ಇಷ್ಟು ಜನ ಜೊತೆಯಾಗಿದ್ದು ಇದೇ ಮೊದಲು.

ಮನೆಗೆ ಬಂದು ಊಟಕ್ಕೆ ಕೂತೆವು. ನಾನು ಯಾವುದೇ ದುರುದ್ದೇಶವಿಲ್ಲದೆ, ಬರೀ ಮಾತಿಗೆಂದು, ಸಾರಿಗೆ ಉಪ್ಪು ತುಸು ಕಡಿಮೆಯಾಗಿದೆ ಎಂದೆ. ಇಪ್ಪತ್ತೆರಡು ವರ್ಷ ಬಾಗಿಲ ಮರೆಯಲ್ಲೇ ಇದ್ದ ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

'ಸರಿಯಾಗೈತೆ, ಉಣ್ರಿ,' ಎಂದರು.

ಇನ್ನೊಂದು ತುತ್ತು ಕಲೆಸಿ ತಿಂದು ನೋಡಿದೆ. ಸರಿಯಾಗೇ ಇತ್ತು.