ಮಾವನ ಪ್ರಾಜೆಕ್ಟಿಗೆ ನಾನು ಗೈಡು

ನನ್ನ ಸೋದರಮಾವನಷ್ಟು ತರಲೆ ವಿದ್ಯಾರ್ಥಿ ನಮ್ಮ ಕಾಲೇಜಿಗೆ ಇನ್ನೊಬ್ಬ ಬಂದಿಲ್ಲ. ಬರುವುದೂ ಬೇಡ! ಮೂವತ್ತು ವರ್ಷ ಶಿರಸಿ–ಹುಲೇಕಲ್ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ಇದ್ದವನಿಗೆ ನಿವೃತ್ತಿಯಾದ ಮೇಲೆ ಕೂರಬೇಕು ಅನ್ನಿಸಿತಂತೆ. ಕೂರಲು ಮನೆಯಲ್ಲಿ ಜಗಲಿ ಇರಲಿಲ್ಲವೇ? ಬಿ.ಎ. ತರಗತಿಯೇ ಬೇಕಿತ್ತೇ? ಅದೂ ನಾನು ಕನ್ನಡ ಪಾಠ ಮಾಡುವ ಶಿರಸಿಯ ಕಾಲೇಜೇ ಆಗಬೇಕಿತ್ತೇ?

ಕೂತಿದ್ದಾದರೂ ಎಲ್ಲಿ? ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ. ನಾನು ಹಾಜರಿ ಪುಸ್ತಕ ತೆರೆಯುವುದರೊಳಗೆ ಅವನು ತಲೆ ಎಣಿಸಿ ಮುಗಿಸಿರುತ್ತಿದ್ದ.

“ಮೂವತ್ತೊಂದೇ ಇದ್ದು ಕೂಸೆ! ಇಬ್ರು ಕ್ಯಾಂಟೀನಲ್ಲೇ ಇಳ್ಕಂಡಿದ್ದ!”

ಕೂಸೆ! ಪಿಎಚ್.ಡಿ. ಮುಗಿಸಿ, ಗಂಟಲು ಹರಿದುಕೊಂಡು ಸಂಪಾದಿಸಿದ ಗೌರವವೆಲ್ಲ ಒಂದೇ ಮಾತಿಗೆ ನೀರುಪಾಲು. ಮರುದಿನದಿಂದ ಇಡೀ ಕಾಲೇಜಿಗೆ ನಾನು ‘ಕೂಸೆ ಮೇಡಂ’ ಆದೆ.

ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟ್ ಒಪ್ಪಿಸಬೇಕು. ಅದಿಲ್ಲದೆ ಪದವಿಯಿಲ್ಲ. ಮಾವನಿಗೆ ಗೈಡ್ ಆಗಿ ಎಂದಾಗ ಉಳಿದ ಅಧ್ಯಾಪಕರೆಲ್ಲ ಒಟ್ಟಿಗೇ ಕೈ ಮುಗಿದರು. ಕೊನೆಗೆ ಅದು ನನ್ನ ಕೊರಳಿಗೇ ಬಿತ್ತು. ವಿಷಯ, ಹುಲೇಕಲ್ ದಾರಿಯ ಬಸ್ ಸ್ಟಾಪುಗಳಿಗೆ ಹೆಸರು ಬಂದ ಬಗೆ. ನಿಯಮ ಒಂದೇ: ಪ್ರತಿ ಹೆಸರಿಗೂ ಬರೆಯುವವನನ್ನು ಬಿಟ್ಟು ಒಬ್ಬರಾದರೂ ಮಾಹಿತಿದಾರರು ಇರಬೇಕು.

ಮಾವ ಕ್ಷೇತ್ರಕಾರ್ಯವನ್ನು ಬಸ್ಸಿನಲ್ಲೇ ಮಾಡಿದ. ಖಾಲಿ ಸೀಟಿದ್ದರೂ ನಿಂತೇ ಮಾಡಿದ. ಮೊದಲ ಅಧ್ಯಾಯ ಓದಿದೆ: “ಗೋಣಿಮರ ಸ್ಟಾಪಿನ ಕಥೆ. ಒಮ್ಮೆ ಹೆಗಡೆಯವರೊಬ್ಬರು ಕಳೆದುಹೋದ ಎತ್ತನ್ನು ಹುಡುಕುತ್ತ ಆ ಮರದ ಹತ್ತಿರ ಬಂದಾಗ ಅಲ್ಲಿ ಕಂಡದ್ದೇನೆಂದರೆ, ಅಷ್ಟರಲ್ಲಿ ಮಾಹಿತಿದಾರರು ಇಳಿದರು.”

“ಎಂತ ಕಂಡಿದ್ದು ಮಾವಾ?”

“ನಂಗೆಂತ ಗೊತ್ತು? ಅವ್ರ ಸ್ಟಾಪ್ ಬಂತು. ಇಳಿಸದೇ ಇಟ್ಗಂಬಲೆ ಆಗ್ತಾ?”

ಮೂವತ್ತೆಂಟು ಸ್ಟಾಪುಗಳ ಕಥೆಯೂ ಹೀಗೆಯೇ ನಡುದಾರಿಯಲ್ಲಿ ಇಳಿದುಹೋಗಿತ್ತು! ಅಡಿಟಿಪ್ಪಣಿಯಲ್ಲಿ ಮಾತ್ರ ಎಂಥ ಶಿಸ್ತು ಅಂತೀರಿ! ‘ಕುಳಿತು ಹೇಳಿದ್ದು’, ‘ನಿಂತು ಹೇಳಿದ್ದು’, ‘ಬಾಗಿಲಲ್ಲಿ ಜೋತಾಡುತ್ತ ಹೇಳಿದ್ದು.’ ಮನೆಮನೆಗೆ ಅಟ್ಟಿ ಎಲ್ಲ ಕಥೆಗಳ ಉಳಿದರ್ಧ ತರಿಸುವಷ್ಟರಲ್ಲಿ ನನಗೆ ರಕ್ತದೊತ್ತಡ ಶುರುವಾಗಿತ್ತು.

ಆದರೂ ಒಂದು ಹೆಸರು ಉಳಿಯಿತು: ಅಕ್ಕನ ತಿರುವು. ಮಾಹಿತಿದಾರರ ಜಾಗ ಖಾಲಿ. ನಮ್ಮ ಹಳೆಯ ಮನೆಯ ಮೇಲಿನ ರಸ್ತೆ ಅದು. ಅಲ್ಲೊಂದು ಅಂಗಡಿಯಿಲ್ಲ, ಕಟ್ಟೆಯೂ ಇಲ್ಲ. ಅಲ್ಲೇ ಬೆಳೆದವಳು ನಾನು, ಅಂಥ ಸ್ಟಾಪಿನ ಹೆಸರನ್ನೇ ಕೇಳಿಲ್ಲ!

“ತೆಗೆದು ಹಾಕು ಮಾವಾ. ಆಧಾರ ಇಲ್ದೇ ಹೋದ್ರೆ ಫೇಲ್ ಮಾಡ್ತ.”

“ಮಾಡ್ಲಿ. ಆ ಸ್ಟಾಪು ಬಿಟ್ಟು ಆನು ಮುಂದೆ ಹೋಗ್ತ್ನಿಲ್ಲೆ.”

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬಂದರು. ಅವರು ಬಾಯಿ ತೆರೆಯುವ ಮೊದಲೇ ಮಾವನ ಪ್ರಶ್ನೆ: “ಯಾವೂರು ಸರ್?”

“ಎಕ್ಕಂಬಿ ರೀ.”

“ಹಾಂ! ಹುಲೇಕಲ್ ಬಸ್ಸಿಗೆ ಬರೋ ಮೊದ್ಲು ಆ ರೂಟಲ್ಲಿ ಎರಡು ವರ್ಷ ಇದ್ದೆ. ಒಳಗೆ ಸೀಟಿದ್ರೂ ನಿಮ್ಮೂರಿನವ್ರು ಬಾಗಿಲು ಬಿಟ್ಟು ಕದಲ್ತಿರಲಿಲ್ಲ!”

ಪರೀಕ್ಷಕರು ತಮಗರಿವಿಲ್ಲದೇ ಕುರ್ಚಿಯನ್ನು ಒಳಕ್ಕೆ ಎಳೆದುಕೊಂಡರು. ಆಮೇಲೆ ಪುಟ ತಿರುವುತ್ತ ಆ ಹೆಸರಿಗೇ ಬಂದು ನಿಂತರು. “ಇದಕ್ಕ ಆಧಾರ ಏನ್ರಿ? ಹೇಳ್ರಿ.”

ಮೂರು ವರ್ಷದಲ್ಲಿ ಮೊದಲ ಸಲ ಮಾವ ದನಿ ತಗ್ಗಿಸಿ ಮಾತಾಡಿದ.

“ಅದು ಸ್ಟಾಪೇ ಅಲ್ಲ ಸರ್. ಅಲ್ಲಿ ನನ್ನಕ್ಕ ನಿಂತಿರ್ತಿದ್ಲು. ಗಂಡನ ಮನೇಲಿ ಅವಳನ್ನ ತವರಿಗೆ ಕಳಿಸ್ತಿರಲಿಲ್ಲ. ಮಧ್ಯಾಹ್ನದ ಟ್ರಿಪ್ಪಲ್ಲಿ ನಾನು ಬಸ್ಸು ನಿಲ್ಲಿಸ್ತಿದ್ದೆ. ‘ಊಟ ಆತಾ?’ ಕೇಳ್ತಿದ್ಲು. ‘ಆತು’ ಅಂತಿದ್ದೆ. ರೈಟ್! ಅಷ್ಟೇ. ಒಂದು ದಿನಾನೂ ಹತ್ತಲಿಲ್ಲ.”

ಅವನ ಅಕ್ಕ ಎಂದರೆ ನನ್ನಮ್ಮ. ತೀರಿಕೊಂಡು ಆರು ವರ್ಷವಾಯಿತು.

“ಇದನ್ನ ಕಂಡವರು ಮತ್ತ ಯಾರರ ಅದಾರೇನ್ರಿ?” ಪರೀಕ್ಷಕರು ಮೆಲ್ಲಗೆ ಕೇಳಿದರು.

ಅಮ್ಮ ದಿನಾ ಮಧ್ಯಾಹ್ನ ಸೊಪ್ಪು ತರುತ್ತೇನೆಂದು ಹೋಗಿ ಬರಿಗೈಯಲ್ಲಿ ಬರುತ್ತಿದ್ದಳು. ಅಜ್ಜಿ ಬೈಯುತ್ತಿದ್ದಳು. ಅಮ್ಮನಿಗೆ ಮರೆವು ಎಂದು ನಾನೂ ನಗುತ್ತಿದ್ದೆ. ಅಷ್ಟು ಬೈಸಿಕೊಂಡರೂ ಅವಳ ಮುಖ ಸಂಜೆಯವರೆಗೆ ಗೆಲುವಾಗಿಯೇ ಇರುತ್ತಿತ್ತು.

“ಇದ್ದಾರೆ ಸರ್,” ಎಂದೆ. ಮಾವನ ಕೈಯಲ್ಲಿದ್ದ ಪೆನ್ನು ತೆಗೆದುಕೊಂಡು, ಮಾಹಿತಿದಾರರ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದೆ.