ಬಂಡೆಗೆ ಹಾಕಿದ ಆಸಿಡ್

ಎಳೆ ತೆನೆ ಸುಟ್ಟು ತಿನ್ನುವ ಸೀತನಿ ಮುಗಿದು ಜೋಳ ಬಲಿಯುತ್ತಿದ್ದ ದಿನಗಳು. ಸೋಮವಾರ ಮುಂಜಾನೆ, ಬಿಸಿಲು ಇನ್ನೂ ಮಾಳಿಗೆ ಏರಿರಲಿಲ್ಲ. ಮೇಲವಂಕಿಯ ಭೀಮಶಿ ತನ್ನ ಬಾವಿದಂಡೆಯಲ್ಲಿ ಕುಂತು ಒಳಗೆ ಇಣುಕುತ್ತಿದ್ದ. ಬಂಡೆಯ ಬಿರುಕಿನಿಂದ ಮೊದಲು ಸೆಲೆ ಕೊಡ ಬಗ್ಗಿಸಿದಂತೆ ಬೀಳುತ್ತಿತ್ತು. ನೀರಿನೊಳಗಿನ ಸುಣ್ಣ ವರ್ಷಾನುವರ್ಷ ಮೆತ್ತಿ ಮೆತ್ತಿ ಬಿರುಕು ಮುಚ್ಚುತ್ತ ಬಂದು, ಈಗ ಮುದುಕನ ಕಣ್ಣಿನ ಹಾಗೆ ಸುಮ್ಮನೆ ಜಿನುಗುತ್ತಿತ್ತು.

ಹೆಂಡತಿ ದುಂಡವ್ವ ದೀಪಾವಳಿಗೆ ಹುಕ್ಕೇರಿಯ ತವರಿಗೆ ಹೋದಾಕಿ ತಿರುಗಿ ಬಂದಿರಲಿಲ್ಲ. "ಮಂದಿ ಬಾವಿ ನೀರ ಹೊತ್ತ ಸಾಕಾಗೈತಿ" ಅಂದು ಹೋಗಿದ್ದಳು. ಭೀಮಶಿ ಇವತ್ತಿಗೂ ಊಟಕ್ಕೆ ಎರಡು ತಾಟು ಹಾಕುತ್ತಿದ್ದ. ಆಮೇಲೆ ನೆನಪಾಗಿ ಒಂದನ್ನು ಒಳಗಿಡುತ್ತಿದ್ದ.

ಅಣ್ಣನ ಮಗ ಶಿದ್ರಾಮ ಬಂದ. "ಏನ ಕಾಕಾ, ಬಾವ್ಯಾಗ ಕಾಕಿನ್ನ ಹುಡುಕಾಕತ್ತೀಯೇನ?"

"ಸೆಲಿ ಮುಚ್ಚೇತೋ. ಅದು ಹರದ್ರ ಆಕಿ ಬರ್ತಾಳ."

"ಕೊಡಕ್ಕ ಸುಣ್ಣ ಹಿಡದ್ರ ಕಾಕಿ ಹುಣಸಿಹಣ್ಣ ಹಚ್ಚಿ ತಿಕ್ಕತಿದ್ಲಲ್ಲ? ಈ ಬಂಡಿಗಲ್ಲಿಗೂ ಹಂಗ. ಆದ್ರ ಇದು ಹುಣಸಿಹಣ್ಣಿಗಿ ಬಗ್ಗೂದಲ್ಲ, ಆಸಿಡ್ ಬೇಕು."

ತಾಸೊಪ್ಪತ್ತಿನಲ್ಲೇ ಗೋಕಾಕಿನಿಂದ ಎರಡು ಕ್ಯಾನು ಬಂತು. ಕೆಳಗಿನ ಹೊಲದ ಬಾಪುಸಾಹೇಬರು ದಂಡೆಗೆ ನಿಂತು, "ಬ್ಯಾಡೋ ಭೀಮಶಿ, ಬಂಡಿ ಹೊಟ್ಟಿ ಕೆಟ್ಟೀತು!" ಅಂದರು. ಯಾರೂ ಕೇಳಲಿಲ್ಲ. ಮೇಲಿನಿಂದ ಉದ್ದ ಪೈಪಿನಲ್ಲಿ ಬಿರುಕಿಗೆ ಬಿಟ್ಟರು. ಬಂಡೆ ಬುಸ್ಸೆಂದು ಬಾಯಿತುಂಬ ನೊರೆ ಕಾರಿತು. ಹೊಗೆಗೆ ಹೆದರಿ ನೋಡಲು ಬಂದವರೆಲ್ಲ ಕೆಮ್ಮುತ್ತ, ತೋಳ ಕಂಡ ಕುರಿಗಳಂತೆ ಓಡಿದರು. ನೊರೆ ಇಳಿದಾಗ ಸೆಲೆ ಧೋ ಎಂದು ಸುರಿಯುತ್ತಿತ್ತು!

ಭೀಮಶಿ ದುಂಡವ್ವನಿಗೆ ಫೋನು ಹಚ್ಚಿದ. ಹೇಳುವುದು ಎದೆತುಂಬ ಇತ್ತು. ಬಾಯಿಗೆ ಬಂದದ್ದು ಇಷ್ಟು: "ನೀರ ಬಂತು. ಬಾ."

ಅವನು ತಲೆಗೆ ಎಣ್ಣೆ ಹಚ್ಚಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ. ಇತ್ತ ಶಿದ್ರಾಮ, "ಉಳದದ್ದನ್ನ ಯಾಕ ಇಟಗೊಳ್ಳೂದು?" ಎಂದು ಅರ್ಧ ಕ್ಯಾನು ಆಸಿಡ್ಡನ್ನು ಬಾವಿಯ ತಳಕ್ಕೆ ಸುರಿದ. ತಳದಲ್ಲೂ ಒಂದು ಬಿರುಕಿತ್ತು. ಅದನ್ನೂ ಸುಣ್ಣವೇ ಮುಚ್ಚಿತ್ತು.

ಮಧ್ಯಾಹ್ನ ಭೀಮಶಿ ದುಂಡವ್ವನನ್ನು ಹೊಸ ಮದುಮಗಳ ಹಾಗೆ ಬಾವಿಗೆ ಕರೆತಂದ. ಸೆಲೆ ಮೇಲಿಂದ ಸುರಿಯುತ್ತಿತ್ತು. ತಳದ ಬಿರುಕು ಅದನ್ನು ಗಟಗಟ ಕುಡಿಯುತ್ತಿತ್ತು. ಬಾವಿಯಲ್ಲಿ ಒಂದು ತಂಬಿಗೆ ನೀರೂ ಇರಲಿಲ್ಲ.

ಕೆಳಗಿನ ಹೊಲದಿಂದ ಬಾಪುಸಾಹೇಬರ ಹೆಂಡತಿ ಸುಂದರಾಬಾಯಿ ಕೂಗುತ್ತ ಬಂದಳು: "ನಮ್ಮ ಬಾವ್ಯಾಗ ನೀರ ದಂಡಿಮಟಾ ಬಂತು, ಬಂದ ನೋಡ್ರಿ!"

ಭೀಮಶಿಯ ಮುಖ ಇಳಿದುಹೋಯಿತು. "ಮತ್ತ ಹೋಗತಿಯೇನ?"

ದುಂಡವ್ವ ನಕ್ಕಳು. ಕಣ್ಣು ಮಾತ್ರ ನಗಲಿಲ್ಲ. "ನೀರಿಗಿ ಸಿಟ್ಟ ಮಾಡಿ ಹೋದಾಕಿ ಖರೆ. ಎರಡ ದಿನದಾಗ ಸಿಟ್ಟ ಇಳೀತು. ಆಮ್ಯಾಲ ನೀವು ಕರ್ಯಾಕ ಬರ್ತೀರಿ ಅಂತ ಬಾಗಲಾ ನೋಡಕೋತ ಕುಂತೆ. ಅವ್ವ ನಿಮಗಂತ ಎಷ್ಟ ಸಲ ಹೂರಣಾ ರುಬ್ಬಿದ್ಲು. ನೀವು ನೋಡಿದ್ರ, ನೀರ ಬಂತು ಅಂದ್ರಿ. ನೀರನ್ನ ಯಾರ ಕೇಳಿದ್ರು?"

"ಬಂಡಿ ಬಾಯಿ ಬಿಡಿಸಿದಿ ಭೀಮಶಿ," ಅಂದಳು ಸುಂದರಾಬಾಯಿ, "ನಿನ್ನ ಬಾಯಿಗಿ ಯಾವ ಆಸಿಡ್ ಹಾಕೂದು?"

ದುಂಡವ್ವ ಚೀಲ ಎತ್ತಿಕೊಂಡಳು. "ಗಂಡ ಕರ್ಯಾಕ ಬರದ ಬಂದೇನಿ, ಅವ್ವ ಬೈತಾಳ. ತವರಿಗಿ ಬಂದ ಮಾನದಿಂದ ಕರಕೊಂಡ ಹೋಗ್ರಿ."

"ನಾಳೆನ ಬರ್ತೇನಿ!"

"ನಾಳಿ ಮಂಗಳವಾರ. ಹೆಣ್ಣಮಗಳನ್ನ ಯಾರ ಕಳಸ್ತಾರ್ರಿ?"

ಸಂಜೆ ಬಸ್ಸು ಧೂಳೆಬ್ಬಿಸಿ ಹೊರಟಿತು. ಕಿಟಕಿಯಿಂದ ಆಕೆಯ ಕೈ ಒಮ್ಮೆ ಕಂಡಿತು. ಮಧ್ಯಾಹ್ನ ಅವನನ್ನು ಬಿಟ್ಟು ನೀರು ಹೋಗಿತ್ತು, ಸಂಜೆಗೆ ದುಂಡವ್ವನೂ ಹೋದಳು, ಎರಡೂ ಅದೇ ಸೋಮವಾರ.